ದೋಣಿ ತಪ್ಪಿಸಿ

ರಾತ್ರಿ ಹತ್ತೂವರೆ. ಮಳ್ಳೂರಿನ ಚಾಕಿ ಮನೆಯಲ್ಲಿ
ಹುಳು ಎರಡನೇ ಜ್ವರಕ್ಕೆ ಕೂತಿವೆ.
ಟ್ರೇ ತುಂಬ ತಲೆಯೆತ್ತಿ ಮರಗಟ್ಟಿದ ಸಾವಿರಾರು,
ಮರೆತ ಹೆಸರೊಂದನ್ನು ನೆನೆಸಿಕೊಳ್ಳುವವರ ಹಾಗೆ.
ನಾಳೆ ಪೊರೆ ಬಿಟ್ಟು ಏಳುವ ಹೊತ್ತಿಗೆ
ಏಳು ಮನೆಗಳಲ್ಲಿ ಎಳೆಸೊಪ್ಪು ಕಾದಿರಬೇಕು,
ಬಿಸಿಲು ಬಲಿಯುವ ಮೊದಲು ಗಂಗುಲಪ್ಪ ವಾಪಸಾಗಬೇಕು.

ತಂಗಿ ಮಗಳ ಹಳೇ ಲ್ಯಾಪ್‌ಟಾಪ್ ತಕ್ಕಡಿಯ ಪಕ್ಕ ಇಟ್ಟು
ದಾರಿ ಹಾಕಲು ಕೂತೆ.
ಮೇಲೂರು. ಚೀಮಂಗಲ. ಜಂಗಮಕೋಟೆ. ಗಂಜಿಗುಂಟೆ.
ಒಂದೊಂದು ಹೆಸರು ಬಿದ್ದಾಗಲೂ ನೀಲಿ ಗೆರೆ
ಮೈಮುರಿದು ಮಗ್ಗುಲು ಬದಲಿಸಿ ಮಲಗುತ್ತದೆ.
ಚೌಡರೆಡ್ಡಿ ಮೊದಲಾದರೆ ಅರವತ್ತೊಂದು ಕಿಲೋಮೀಟರ್,
ಪಾಪಕ್ಕ ಮೊದಲಾದರೆ ಐವತ್ತೆಂಟು.
ಆದರೆ ಪಾಪಕ್ಕ, ದೇವರೇ ಬಂದು ಬಾಗಿಲು ಬಡಿದರೂ
ಹಾಲು ಕರೆಯದೆ ಅಗುಳಿ ತೆಗೆಯುವವಳಲ್ಲ.

ಒಂದು ಗೂಡು ಬಿಚ್ಚಿದರೆ ಎಳೆ
ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬರುತ್ತೆ
ಅನ್ನುತ್ತಿದ್ದ ಶಿಡ್ಲಘಟ್ಟದ ರೀಲರ್ ಅಮೀರ್‌ಜಾನ್.
ಹಾಗಾದರೆ ನನ್ನ ದಾರಿಯೆಲ್ಲ ಅರವತ್ತೊಂದು ಗೂಡು.
ಎರಡು ಬೊಗಸೆ, ಮೇಲೊಂದಿಷ್ಟು.

ಕೆಳಗೆ ಮೂರು ಚೌಕ:
ಟೋಲ್ ತಪ್ಪಿಸಿ. ಹೆದ್ದಾರಿ ತಪ್ಪಿಸಿ. ದೋಣಿ ತಪ್ಪಿಸಿ.
ದೋಣಿ!
ನಾನು ಕಂಡ ದೋಣಿ ಒಂದೇ,
ಒಂದನೇ ಕ್ಲಾಸಿನ ಪುಸ್ತಕದ್ದು.
ಅದರ ಹುಟ್ಟು ಇದ್ದ ಕಡೆ ಹಾಳೆ ಹರಿದಿತ್ತು.
ಇರಲಿ ಅಂತ ಅದಕ್ಕೂ ಗುರುತು ಹಾಕಿದೆ.

ನಾನು ತಪ್ಪಿಸಬೇಕಾದ್ದಕ್ಕೆ ಚೌಕವಿಲ್ಲ.
ಸಂಜೆ ತಾನೇ ಔಷಧಿ ಹೊಡೆದ ದ್ರಾಕ್ಷಿ ತೋಟ,
ಕ್ರಷರ್ ಲಾರಿಗಳು ಹಿಟ್ಟು ಉದುರಿಸುವ ತಿರುವು,
ಶಾಲೆ ಮುಂದಿನ ಸಾಲು ಹಂಪು,
ಹೊಗೆಸೊಪ್ಪಿನ ಒಂದೇ ಒಂದು ಉಸಿರು.
ಗಾಳಿ ಯಾವ ಕಡೆಯದೆಂದು ನಕ್ಷೆ ಕೇಳುವುದಿಲ್ಲ.
ಹುಳಕ್ಕೆ ಬೇಕಾದ್ದು ಅದೊಂದೇ.
ತಿಳಿದ ಮೇಲೆ ಹಸಿರು ಕಕ್ಕಿ ಸುಮ್ಮನಾಗಿಬಿಡುತ್ತದೆ.

ಗೆರೆಯ ನಡು ಹಿಡಿದು ಬೆಟ್ಟದಾಚೆಗೆ ಎಳೆದೆ.
ಹನ್ನೆರಡು ನಿಮಿಷ ಹೆಚ್ಚು, ಅಂದಿತು.
ಬಿಟ್ಟೊಡನೆ ಟಾರು ರಸ್ತೆಗೇ ಚಿಮ್ಮಿತು.
ಮತ್ತೆ ಎಳೆದು ಹುಣಸೆಮರದ ಬುಡದಲ್ಲೊಂದು
ಚುಕ್ಕೆ ಕುಕ್ಕಿದೆ. ಆಗ ನಿಂತಿತು,
ಗೂಟಕ್ಕೆ ಕಟ್ಟಿದ ಮೇಕೆ.

ಕೊನೆಗೆ, ದಿಬ್ಬೂರಹಳ್ಳಿಯಾಚೆ, ಮುನಿನಂಜಮ್ಮ.
ಅವಳು ಕಳಿಸಿದ ಲೊಕೇಶನ್
ಕೆರೆಯ ನಟ್ಟನಡುವೆ ಬಿದ್ದಿದೆ.
ಫೋನು ಮಾಡಿದರೆ, "ಕಟ್ಟ ಎಕ್ಕಿ ಎಡಮ ಪಕ್ಕ ತಿರುಗಮ್ಮ,
ಬ್ಯಾಟ್ರಿ ಬಿಡ್ತಾ ನಿಂತಿರ್ತೀನಿ" ಅಂದಳು.
ನಕ್ಷೆಯಲ್ಲಿ ಕೆರೆ ಕೋಡಿಯವರೆಗೂ ನೀಲಿ.
ಹೋದ ತಿಂಗಳು ಆ ನೀಲಿಯ ಮೇಲೆ
ಹುಡುಗರು ಕ್ರಿಕೆಟ್ ಆಡುತ್ತಿದ್ದರು.
ದಾರಿ ದಡಕ್ಕೆ ಬಂದು ನಿಂತು, ಮುಂದಕ್ಕೆ
ಚುಕ್ಕಿ ಚುಕ್ಕಿಯಾಗಿ ನೀರೊಳಗೆ ನಡೆದಿದೆ.
ದೋಣಿ ಬೇಡ ಅಂದವಳು ನಾನೇ ಅಲ್ಲವೇ.

ನಾಲ್ಕಕ್ಕೆ ಒದ್ದೆ ಗೋಣಿ ಹೊದಿಸಿ ಗಾಡಿ ಕಳಿಸಿದೆ.
ಈಗ ಗಂಗುಲಪ್ಪ ಅಂದರೆ
ನನ್ನ ಫೋನಿನಲ್ಲೊಂದು ಚುಕ್ಕೆ.
ಹುಣಸೆಮರ ದಾಟಿತು. ಚೌಡರೆಡ್ಡಿಯ ಅಂಗಳ ಮುಟ್ಟಿತು,
ಹೊರಟಿತು. ಐದೂ ನಲವತ್ತಕ್ಕೆ
ನಾನು ಹೇಳದ ಕಡೆ ನಿಂತಿತು.
ಊರಿಲ್ಲ, ಅಂಗಡಿಯಿಲ್ಲ. ಪಂಕ್ಚರೋ ಏನೋ.
ಫೋನು ಮಾಡೋಣ ಅನ್ನುವಷ್ಟರಲ್ಲಿ
ಚುಕ್ಕೆ ರಸ್ತೆ ಬಿಟ್ಟು ಇಳಿಯಿತು.

ಹೆಸರೇ ಇಲ್ಲದ ಬೂದು ಬಯಲಲ್ಲಿ
ಹೋಯಿತು, ನಡಿಗೆಯ ವೇಗದಲ್ಲಿ,
ಅರ್ಧ ಫರ್ಲಾಂಗು, ಇನ್ನೂ ಒಂದಿಷ್ಟು.
ಅಲ್ಲಿ ಆರು ನಿಮಿಷ ನಿಂತಿತು.

ಬೀಡಿ.

ಬರುವಾಗ ನೇರ ಬರಲಿಲ್ಲ.
ಬಲಕ್ಕೆ ಸರಿದು ಒಂದು ಗಳಿಗೆ ತಡೆದು ಬಂತು.
ಅಲ್ಲೊಂದು ಬೋರ್‌ವೆಲ್ ಇದ್ದೀತು.
ಕೈ ತೊಳೆದು, ಬಾಯಿ ಮುಕ್ಕಳಿಸಿರಬೇಕು.

ಮೂಲೆಯಲ್ಲಿ ನಕ್ಷೆ ಹೇಳುತ್ತಿತ್ತು:
ತಲುಪುವುದು ಹತ್ತು ನಿಮಿಷ ತಡ.
ಫೋನು ಬೋರಲು ಹಾಕಿ
ನಾನು ಟ್ರೇ ತೊಳೆಯಲು ಎದ್ದೆ.