ಬಾಗಿದ ಮೂರು ಪಿನ್ನು

ನಾನೂರು ಪೌಂಡ್. ಮೇಲೆ ಒಂದು ಪೆನ್ನಿ ಇಲ್ಲ ಅಂದೆ.
ನೇಸರ ತಕರಾರು ಮಾಡಲಿಲ್ಲ,
ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಗೆರೆ ಎಳೆದ.
ಸ್ವಿಂಡನ್ನಿನ ಜನವರಿ. ನಾಲ್ಕೂವರೆಗೆ ಕತ್ತಲು,
ಹೀಟರು ಆರರ ಮೇಲೆ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಹದಿನಾಲ್ಕರ ಹುಡುಗನ ಕಾಲು
ಮೂರು ತಿಂಗಳಿಗೊಂದು ಶೂ ಬೇಡುತ್ತದೆ.

ಮೊದಲು ಹೋದದ್ದು ಗಾಜಿನ ಬಾಗಿಲ ಪೆಟ್ಟಿಗೆ.
ಅದರ ಬೆನ್ನಿಗೆ ಬಣ್ಣಬಣ್ಣದ ದೀಪ,
ನೀರು ಹರಿಸಿ ತಂಪು ಮಾಡುವ ಕೊಳವೆ.
ಸ್ಕೇಲ್ ಇಟ್ಟು ಹೊಡೆದುಹಾಕಿದ ಒಂದೊಂದನ್ನೂ,
ಆಮೇಲೆ ಓದಲು ಬರುವ ಹಾಗೆ.

"ಪವರ್ ಸಪ್ಲೈಗೆ ಮಾತ್ರ ಕಂಜೂಸಿ ಬೇಡಮ್ಮ,
ಅಗ್ಗದ್ದು ಸಾಯುವಾಗ ಮನೆಮಂದಿನೆಲ್ಲ ಜೊತೆಗೆ ಕರಕೊಂಡು ಹೋಗುತ್ತೆ."
ಐವತ್ತೈದು. ಬರೆದೆ.
ಮದರ್‌ಬೋರ್ಡು ಅರವತ್ತು. ರ್‍ಯಾಮು ಮೂವತ್ತೈದು.
ನೆನಪಿಡುವುದಕ್ಕೆ ಬೇರೆ ನಲವತ್ತು.
ಡಬ್ಬ ಇಪ್ಪತ್ತೈದು, ಬರೀ ತಗಡು.
"ಪ್ರೊಸೆಸರು ಬಲವಾಗಿದ್ದು ಕಾರ್ಡು ಬಡವಾದರೆ?"
"ಎತ್ತು ಏರಿಗೆ, ಕೋಣ ನೀರಿಗೆ."
ಈ ಗಾದೆ ಎಲ್ಲಿ ಕಲಿತನೋ.
ನಾನೂ ಅವನಪ್ಪನೂ ಫೋನಿನಲ್ಲಿ ಮಾತಾಡುವಾಗ
ಬಾಗಿಲು ಸರಿಯಾಗಿ ಹಾಕಿರಲಿಲ್ಲವೇನೋ.

ಕಾರ್ಡು ಸಿಕ್ಕಿದ್ದು ಚಿಪ್ಪೆನಮ್ಮಿನಲ್ಲಿ.
ಗ್ಯಾರೆತ್ ಅಂತ, ಅವಳಿ ಮಕ್ಕಳು ಬರುವವರಿದ್ದಾರೆ,
ಮೇಜಿನ ಜಾಗಕ್ಕೆ ತೊಟ್ಟಿಲು ಬಂದು ನಿಂತಿದೆ.
ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿ, ಓಡಿಸಿ ತೋರಿಸಿದ,
ತೋರಿಸುತ್ತ ತೋರಿಸುತ್ತ ಹತ್ತು ನಿಮಿಷ ತಾನೇ ಆಡಿದ.
ಒಳಗಿಂದ ಹೆಂಡತಿ ಕೆಮ್ಮಿದಳು.
ನೂರ ಅರವತ್ತು, ಅಂದ.
ನೇಸರ ನಾಚಿ ಶೂ ನೋಡಿಕೊಂಡ. ನಾನು ನಾಚಲಿಲ್ಲ.
ನೂರ ನಲವತ್ತೈದು.
ರೈಲಿನ ಟಿಕೆಟ್ಟು ಲೆಕ್ಕಕ್ಕೆ ಬರೆಯಲಿಲ್ಲ;
ತಾಯಿಯ ಮೇಲೆ ಆಡಿಟ್ಟಿಲ್ಲ.

ಉಳಿದದ್ದು ನಲವತ್ತು. ನಲವತ್ತಕ್ಕೆ ಸಿಕ್ಕಿದ್ದು
ಬಿದ್ದು ಕಾಲು ಬಾಗಿದ ಪ್ರೊಸೆಸರು, ಮೂರು ಪಿನ್ನು,
ಇದ್ದ ಹಾಗೇ ಒಯ್ಯಿರಿ, ವಾಪಸಿಲ್ಲ.
"ಬೇಡಮ್ಮ, ಮುರಿದುಹೋದರೆ?"
ತಾ ಇಲ್ಲಿ, ಅಂದೆ.

ಹನ್ನೊಂದು ವರ್ಷದಿಂದ ಈ ಊರಿಗೆ ಹಲ್ಲು ಕಟ್ಟುತ್ತಿದ್ದೇನೆ.
ಡಾಕ್ಟರಲ್ಲ, ಹಿಂದಿನ ಕೋಣೆಯವಳು;
ಬಾಯಿಗಳನ್ನು ಕಂಡಿಲ್ಲ, ಅವುಗಳ ಅಚ್ಚು ಮಾತ್ರ ಗೊತ್ತು.
ಕೂದಲೆಳೆ ಎತ್ತರವಾದರೂ ದವಡೆ ಒಪ್ಪುವುದಿಲ್ಲ,
ಸಂಜೆಯೊಳಗೆ ಕಟ್ಟು ವಾಪಸು ಬರುತ್ತದೆ.
ಮೇಣ ಕೆತ್ತುವ ಉಳಿ ತಂದೆ, ಭೂತಗನ್ನಡಿ ತಲೆಗೆ ಕಟ್ಟಿದೆ.
ಅಬ್ಬಾ, ಸಾವಿರದ ಮುನ್ನೂರ ಮೂವತ್ತೊಂದು ಚಿನ್ನದ ಹಲ್ಲು,
ಸಾಲಿಗೆ ಸಾಲು, ಒಂದಕ್ಕೂ ಹುಳುಕಿಲ್ಲ.
ಮೂಲೆಯಲ್ಲಿ ಮೂರು ಮಾತ್ರ
ಪಕ್ಕದವರ ಮೇಲೆ ಒರಗಿ ನಿದ್ದೆಹೋಗಿವೆ.
ಉಸಿರು ಬಿಡಬೇಡ, ಅಂದೆ. ಅವನಿಗೋ, ನನಗೋ.
ಒಂದು ಎದ್ದಿತು.
ಎರಡನೆಯದೂ.
ಮೂರನೆಯದಕ್ಕೆ ಇಪ್ಪತ್ತು ನಿಮಿಷ, ಎರಡು ಸಲ ಚಹಾ ಆರಿತು.

ಒತ್ತಬೇಡಮ್ಮ, ತಾನಾಗಿ ಕೂರಬೇಕು, ಅಂತ ಪಿಸುಗುಟ್ಟಿದ.
ನನಗೆ ಹೇಳುತ್ತಾನೆ!
ಕೂತಿತು.
ಮೇಲೆ ಅವರೆಕಾಳಿನಷ್ಟು ಪೇಸ್ಟು, ಫ್ಯಾನು,
ಇಬ್ಬರ ನಾಲ್ಕು ಕೈಗೂ ಸಿಗದೆ ಫ್ರಿಜ್ಜಿನಡಿ ಉರುಳಿದ ಸ್ಕ್ರೂ.

ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪು.
ಬಿಚ್ಚಿದೆವು, ಕಟ್ಟಿದೆವು. ಕಪ್ಪು.
ಆ ಮೂರನೆಯದೇ, ಅಂದುಕೊಂಡೆ, ಬಾಯಿಬಿಡಲಿಲ್ಲ.
ರಾತ್ರಿ ಹತ್ತೂಮುಕ್ಕಾಲಿಗೆ ಮಗ ಹಣೆ ಚಚ್ಚಿಕೊಂಡ:
ಕೇಬಲ್ಲನ್ನು ಕಾರ್ಡಿಗೆ ಚುಚ್ಚುವುದು ಬಿಟ್ಟು
ಪಕ್ಕದ ಹಾಳು ತೂತಿಗೆ ಚುಚ್ಚಿದ್ದೆವು.

ಈಗ ಅವನು ಯಾವುದೋ ಗುಡ್ಡದ ಮೇಲೆ ಓಡುತ್ತಿದ್ದಾನೆ,
ಹುಲ್ಲು ಒಂದೊಂದೇ ಎಸಳು ಅಲ್ಲಾಡುತ್ತದೆ, ನೋಡಮ್ಮ ನೋಡು.
ನೋಡಿದೆ.
ಡ್ರಾಯರಿನಲ್ಲಿ ಖಾಲಿ ಲಕೋಟೆ, ಮೇಲೆ ನನ್ನದೇ ಅಕ್ಷರ:
ಕ್ರೌನು, ಎಡ, ಕೆಳಗಿನ ದವಡೆ.
ಟೋಸ್ಟು ಗಟ್ಟಿಯಾಗಿದೆ.
ಬಲಗಡೆಯಿಂದ ಅಗಿಯುತ್ತಿದ್ದೇನೆ.