ಹಿತ್ತಾಳೆ ಪಟ್ಟಿ

ಮುಹರ್ರಕ್‌ನ ರೂಮು. ಎಂಟು ಮಂಚ, ಒಂದು ಟಿವಿ.
ಧಾರಾವಾಹಿಯ ನಾಖುದಾ ಅಳುತ್ತಿದ್ದಾನೆ:
ಮುತ್ತಿನ ಹಡಗು ಮರಳಿಲ್ಲ, ಮಗ ಮರಳಿಲ್ಲ.
ಅರಬ್ಬಿ ಬಾರದ ಲಿಗೋರಿಯೂ ಮೂಗೊರೆಸಿಕೊಂಡ.

ಹಮ್ಮಬ್ಬ ಮಾತ್ರ ಎದ್ದು ನಿಂತ,
ಕೈಯಲ್ಲಿ ಅರ್ಧ ಕುಬ್ಬೂಸು.
"ಗೋಡೆ ನೋಡಿ, ಗೋಡೆ!"

ಅಳುವವನ ಕಿವಿಯ ಪಕ್ಕ, ಲಾಟೀನಿನ ಕೆಳಗೆ
ಅಂಗೈಯಗಲದ ಹಿತ್ತಾಳೆ, ಮೊಟ್ಟೆಯಾಕಾರ.
ಕಂಪನಿ ಹೆಸರಿನ ಬಾಲವಷ್ಟೇ ಉಳಿದಿದೆ:
ಅಂಡ್ ಸನ್ಸ್.

"ಹಾಯಿ ಕಾಲದ ಮನೆಯಲ್ಲಿ
ಡೀಸೆಲ್ ಇಂಜಿನ್ನಿನ ಪಟ್ಟಿಗೆ ಏನು ಕೆಲಸ?"
ನಾವು ನಕ್ಕೆವು. ಅವನು ನಗಲಿಲ್ಲ.
ಮೂರು ಸಿಲಿಂಡರಂತೆ, ಚಳಿಗೆ ಕೆಮ್ಮುವ ಜಾತಿ,
ಬೀಡಿ ಗಾತ್ರದ ಬತ್ತಿ ಹೊತ್ತಿಸಿ ತುರುಕಿದರೆ
ಹೂಂ ಅನ್ನುತ್ತಿತ್ತಂತೆ.
ಹನ್ನೊಂದು ವರ್ಷ ಅದರ ಎಣ್ಣೆ ಇವನ ಉಗುರಲ್ಲಿ.

ಎಷ್ಟೋ ಇಂಜಿನ್ನು, ಎಷ್ಟೋ ಪಟ್ಟಿ, ಅಂದೆ.
"ನಾಲ್ಕನೇ ತೂತು ಹರಿದಿದೆ.
ಲಾಂಚು ಗುಜರಿಗೆ ಹೋದ ದಿನ
ತುಕ್ಕು ಹಿಡಿದ ಸ್ಕ್ರೂಗೆ ಉಳಿ ಇಟ್ಟು ಹೊಡೆದವ ನಾನು.
ಪಟ್ಟಿ ಬಂತು. ಇಟ್ಟುಕೊಳ್ಳಲು ಬಿಡಲಿಲ್ಲ,
ತೂಕಕ್ಕೆ ಹಾಕಿದರು."

ಅಷ್ಟರಲ್ಲಿ ಸಾಬೂನಿನ ಜಾಹೀರಾತು.

ಮರುಪ್ರಸಾರ ನಾಳೆ ಮಧ್ಯಾಹ್ನ ಎರಡಕ್ಕೆ.
ಅರ್ಧ ದಿನದ ಸಂಬಳ ಬಿಟ್ಟು ಬಂದು ಕೂತ,
ಕನ್ನಡಕ ಒರೆಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ.
ನಾಖುದಾ ಮತ್ತೆ ಅತ್ತ. ಹೆಗಲು ಕುಲುಕಿತು,
ಸರಿಯಾಗಿ ನಾಲ್ಕನೇ ತೂತಿಗೇ ಅಡ್ಡ.

"ಒಂಚೂರು ಸರಿಯೋ ಮಾರಾಯ," ಅಂದ ಹಮ್ಮಬ್ಬ,
ಮಗನನ್ನು ಕಳಕೊಂಡವನಿಗೆ.