ಇವತ್ತೆಷ್ಟು ಬಂತು

ಮೊಣಕಾಲ ಕೆಳಗೆ, ಹೊರಬದಿಗೆ,
ಅಂಗೈಯಗಲ ಕೂದಲು ಬೋಳಿಸಿ
ಸ್ಪಿರಿಟ್ ಒರೆಸಿದಳು ಸಬೀಹಾ.
ತಣ್ಣಗೆ ಅನ್ನಿಸಿತು. ಅದೇ ದೊಡ್ಡದು,
ಫೆಬ್ರುವರಿಯಲ್ಲಿ ಅಷ್ಟೂ ಗೊತ್ತಾಗುತ್ತಿರಲಿಲ್ಲ.

ಮೂರು ಬಿಲ್ಲೆ, ಮೂರು ವೈರು.
ಎರಡು ಅಳಿಯಾಕ, ಅಂಕಲ್. ಮೂರನೇದು ಸುಮ್ನ.
ಸುಮ್ನ ಅನಬ್ಯಾಡಮ್ಮ, ಅದು ಅರ್ಥಿಂಗು, ಅಂದೆ
ನಾನು, ಅಂಬಣ್ಣ,
ಶಕ್ತಿನಗರದ ಕಂಟ್ರೋಲ್ ರೂಮಿನಲ್ಲಿ
ಇಪ್ಪತ್ತಾರು ವರ್ಷ ಮುಳ್ಳು ಕಾದವನು.
ಇನ್ನೂರ ಹತ್ತು ಮೆಗಾವ್ಯಾಟು ಅಲ್ಲಿ.
ಮುಳ್ಳು ಐವತ್ತರಿಂದ ಕೂದಲೆಳೆ ಸರಿದರೆ
ಬಾಯೊಳಗಿನ ಚಹಾ ನುಂಗುವುದು ಮರೆಯುತ್ತಿದ್ದೆ.

ಇಲ್ಲಿ ಪರದೆಯ ಮೇಲೆ ಒಂದು ಹಸಿರು ಗೆರೆ,
ಪಕ್ಕಕ್ಕೆ ಅಂಕಿ: ಮೂರು.
ಮೂರು ಏನು?
ಮೈಕ್ರೋವೋಲ್ಟು. ಒಂದು ವೋಲ್ಟು ಹತ್ತು ಲಕ್ಷ ಚೂರು ಮಾಡಿ
ಅದರಾಗ ಮೂರು ಚೂರು.
ಅದೂ ನಿಮ್ಮದೋ ಟ್ಯೂಬ್‌ಲೈಟಿಂದೋ ಹೇಳಾಕ ಬರಲ್ಲ.

ನೋಡಿದೆ. ಗೆರೆಯೊಳಗೆ ಸಣ್ಣಗೆ ನಡುಗುತ್ತಿತ್ತು
ಐವತ್ತರ ಗುಂಯ್.
ನಮ್ಮದೇ ಅದು, ಅಂದೆ. ಅವಳಿಗೆ ತಿಳಿಯಲಿಲ್ಲ.

ಜ್ವರ ಬಂದು ಹೋದ ಹತ್ತನೇ ದಿನ
ರಾತ್ರಿಪಾಳಿ ಮುಗಿಸಿ ಇಳಿಯುವಾಗ
ಮೆಟ್ಟಿಲು ಕಾಲಿಗೆ ಸಿಗಲಿಲ್ಲ.
ಎರಡು ಫ್ರೆಂಚರ ಹೆಸರಿನ ರೋಗ,
ಶಂಕ್ರಮ್ಮನ ನಾಲಗೆ ಇನ್ನೂ ಹೊರಳಿಲ್ಲ ಅದಕ್ಕೆ.
ನರದ ಮೇಲಿನ ಹೊದಿಕೆಯನ್ನು
ಮೈಯ ಕಾವಲಿನವರೇ ಕೆರೆದು ತಿಂದಿದ್ದಾರೆ, ಅಂದರು ಡಾಕ್ಟರು.
ಇನ್ಸುಲೇಶನ್ ಹೋಗೇತಿ ಅನ್ರಿ, ಅಂದೆ.
ರೋಗಿಗೆ ಇಷ್ಟು ಬೇಗ ತಿಳಿಯಿತೆಂದು
ಖುಷಿಪಟ್ಟರು ಪಾಪ.
ನನಗೆ ತಿಳಿದದ್ದು ಕೇಬಲ್ಲು.
ಕಾಲು ತಿಳಿದಿರಲಿಲ್ಲ.

ಪಾದ ಎತ್ರಿ.
ಎತ್ತಿದೆ. ಹಲ್ಲು ಕಚ್ಚಿ, ಸೊಂಟ ತಿರುವಿ, ಬೆವತು ಎತ್ತಿದೆ.
ಮಂಚದ ತುದಿಗೆ ಪಾದ ಅಲುಗಿತು ಕೂಡ.
ಗೆರೆ ಮಾತ್ರ ಮಲಗಿದಲ್ಲೇ.
ತೊಡಿಯಿಂದ ತರಾಕತ್ತೀರಿ ಅಂಕಲ್. ಇದು ಕಳ್ಳತನ.
ಕಂಬಕ್ಕೆ ಕೊಂಡಿ ಹಾಕುವವರನ್ನು
ಊರೂರಿಗೆ ಬೈದವನು ನಾನು.
ನನ್ನ ಮೈಯಲ್ಲೇ ಕೊಂಡಿ ಹಾಕಿ ಕೂತಿದ್ದೆ.

ಎತ್ತಬ್ಯಾಡ್ರಿ, ಅಂದಳು ಆಮೇಲೆ,
ಎತ್ತಬೇಕು ಅಂದ್ಕೊಂಡು ಗೆರಿ ನೋಡ್ರಿ.
ತೀರಾ ನಿಂತ ಟರ್ಬೈನಿಗೆ ಹೀಗೆ ಹೇಳಿದ್ದರೆ
ನಕ್ಕುಬಿಡುತ್ತಿದ್ದೆ.

ಐದು. ಏಳು. ಏಳು.
ನಿದ್ದೆ ಇಲ್ಲದ ಮರುದಿನ ಮೂರು.
ಹನ್ನೊಂದು.
ಮನೆಗೆ ಬಂದರೆ ರೊಟ್ಟಿ ಬಡಿಯುತ್ತಲೇ ಶಂಕ್ರಮ್ಮ
ಇವತ್ತೆಷ್ಟು ಬಂತು ಅನ್ನುವಳು,
ಪಕ್ಕದ ಕ್ವಾರ್ಟರ್ಸಿನ ಯೂನುಸ್
ಪಾಳಿಗೆ ಹೊರಟು ಲೋಡು ಕೇಳುವ ಹಾಗೆ.

ಮೇ ತಿಂಗಳ ಮಧ್ಯಾಹ್ನ. ತೀನ್ ಕಂದೀಲಿನ ಮೇಲೆ
ಬಿಸಿಲು ಕಾಯಿಸಿದ ತಗಡಿನಂತೆ.
ಹದಿನಾಲ್ಕು ತೋರಿಸಿ, ಹದಿನೈದರ ಒಂದು ಬಾಲ ಮೂಡಿ
ಹೋಯಿತು ಕರೆಂಟು.
ಫ್ಯಾನು ಮೂರು ಸುತ್ತು ಒದ್ದಾಡಿ ನಿಂತಿತು,
ಕೆಳಗೆ ಟೇಲರನ ಮೋಟರು ನಿಂತಿತು.
ಗಾಜು ಕಪ್ಪಾಗಿ ಅದರಲ್ಲಿ ನನ್ನ ಮುಖ.

ಬಿಡಬ್ಯಾಡ್ರಿ.
ಎರಡು ಬೆರಳು ಬಂದು ಕೂತವು ಬಿಲ್ಲೆಗಳ ನಡುವೆ.
ಅಂಕಿ ಇಲ್ಲ. ಗೆರೆ ಇಲ್ಲ.
ಕತ್ತಲ ಗೋದಾಮಿನಲ್ಲಿ ಸ್ವಿಚ್ಚು ತಡಕುವವನಂತೆ
ಒಳಗೊಳಗೆ ಹೋದೆ.
ಎಲ್ಲೋ ಒಂದು ಎಳೆ,
ಒದ್ದೆ ಹಗ್ಗವನ್ನು ಯಾರೋ ಆಚೆ ತುದಿಯಿಂದ
ಹಿಡಿದ ಹಾಗೆ.
ಇದಾ?
ಅದಾ.

ಎಷ್ಟು ಹೊತ್ತು ಹಿಡಿದೆನೋ.
ಕರೆಂಟು ಬಂದಾಗ ಮಷೀನು ಎಲ್ಲ ಮರೆತಿತ್ತು,
ರೋಗಿಯ ಹೆಸರು ಏನು ಎಂದು ಕೇಳಿತು.
ರಿಜಿಸ್ಟರು ತೆರೆದು ಸಬೀಹಾ ಪೆನ್ನು ಎತ್ತಿದಳು:
ಭಾಳ ಇತ್ತು ಅಂಕಲ್, ಬೆರಳಿಗೆ ಗೊತ್ತಾತು. ಇಪ್ಪತ್ತು ಬರೀಲಾ?

ನೋಡದ ರೀಡಿಂಗು
ಲಾಗ್‌ಬುಕ್ಕಿನಲ್ಲಿ ಬರೆದ ಕೈ ಅಲ್ಲ ಇದು.
ಒಂದು ಗೀಟು ಎಳಿಯಮ್ಮ, ಅಂದೆ.
ಎಳೆದಳು. ಸ್ವಲ್ಪ ಉದ್ದಕ್ಕೇ ಎಳೆದಳು.

ಸಂಜೆ ಹೊಸ್ತಿಲು ದಾಟುವಾಗ
ಒಳಗೆ ರೊಟ್ಟಿಯ ಸದ್ದು ತಟ್ಟನೆ ನಿಂತಿತು.
ಚಪ್ಪಲಿ ಎಳಿಯೋ ಸಪ್ಪಳ ಬರಲಿಲ್ಲಲ್ಲ, ಯಾರು ಬಂದರು?
ಅಂದಳು ಶಂಕ್ರಮ್ಮ.